ಮೇಸ್ತ್ರಿ ಅರಫಾತನ ಎರಡು ಕಾಲು

ಹಳೇ ಹುಬ್ಬಳ್ಳಿಯಲ್ಲಿ ಸ್ಕೂಟರ್, ಮೋಟರ್ ಸೈಕಲ್ ರಿಪೇರಿ ಮಾಡುವ ಮೇಸ್ತ್ರಿ ಅರಫಾತನಿಗೆ ಎಲ್ಲರಂತೆ ಎರಡು ಕಾಲಿದ್ದವು. ಆದರೆ ಊರಿಗೆ ಪರಿಚಯ ಇದ್ದದ್ದು ಒಂದರದ್ದು ಮಾತ್ರ, ಬಲಗಾಲಿನದು.

ಆ ಕಾಲಿಗೆ ಹೆಸರು ಬಂದು ಇಪ್ಪತ್ತು ವರ್ಷದ ಮೇಲಾಯಿತು. ಬೆಳಗಾವಿಯಿಂದ ಬಂದ ಫುಟ್‌ಬಾಲ್ ತಂಡದ ಜೊತೆ ನೆಹರೂ ಮೈದಾನದಲ್ಲಿ ಆಡುವಾಗ ಅರಫಾತ ದೂರದಿಂದ ಒಂದು ಚೆಂಡು ಒದ್ದ. ಗೋಲು ಕಾಯುವ ಗೋಲಿ ಕೈ ಎತ್ತುವುದರೊಳಗೆ ಅದು ಕಂಬಗಳ ನಡುವೆ ಹಾದು, ಹಿಂದೆ ಬಲೆ ಇಲ್ಲದ್ದರಿಂದ ಹಾಗೇ ಮುಂದಕ್ಕೆ ಹೋಗಿ, ಕಬ್ಬಿನ ಹಾಲಿನ ಗಾಡಿಯ ಮೇಲಿನ ಗ್ಲಾಸುಗಳನ್ನು ಒಡೆದು ನಿಂತಿತು. ಅಂದಿನಿಂದ ಆ ಗೋಲಿನ ಕಥೆ ಹೇಳುವವರು ಪ್ರತಿ ಸಲವೂ ಅರಫಾತನನ್ನು ಸ್ವಲ್ಪ ಸ್ವಲ್ಪ ಹಿಂದೆ ಸರಿಸುತ್ತ ಬಂದರು. ಈಚೆಗೆ ಕೇಳಿದವರ ಲೆಕ್ಕದಲ್ಲಿ ಅವನು ಚೆಂಡು ಒದ್ದದ್ದು ಮೈದಾನದ ಹೊರಗಿನ ರಸ್ತೆಯಿಂದ.

ಅವನ ತಾಯಿ ಶಹಜಹಾನಬೇಗಂ ಮಗನ ಬಲಗಾಲನ್ನು ಮನೆಯ ಆಸ್ತಿಯಂತೆ ಕಾಪಾಡಿಕೊಂಡು ಬಂದಿದ್ದಳು. ರವಿವಾರ ಬೆಳಿಗ್ಗೆ ಎಣ್ಣೆ ಬೆಚ್ಚಗೆ ಮಾಡಿ ಬಲ ಮೊಣಕಾಲಿನಿಂದ ಪಾದದವರೆಗೆ ತಿಕ್ಕುತ್ತಿದ್ದಳು. ಎಡಗಾಲಿಗೆ ಸಿಗುತ್ತಿದ್ದದ್ದು ಅವಳ ಕೈಗೆ ಅಂಟಿ ಉಳಿದ ಎಣ್ಣೆ ಮಾತ್ರ, ಅದೂ ಒರೆಸಲು ಅರಿವೆ ಸಿಗದಿದ್ದ ದಿನ. ಅಂಗಡಿಯಲ್ಲಿ ಒಮ್ಮೆ ಯಾವುದೋ ಗಾಡಿಯ ಸೈಲೆನ್ಸರ್ ಜಾರಿ ಅರಫಾತನ ಎಡ ಪಾದದ ಮೇಲೆ ಬಿತ್ತು. ಉಗುರು ಕಪ್ಪಾಗಿ ಎದ್ದು ಬಂತು. ಅವನು ಕುಂಟುತ್ತ ಮನೆಗೆ ಬಂದಾಗ ತಾಯಿ ಮೊದಲು ಕೇಳಿದ ಮಾತು, "ಯಾವ ಕಾಲೋ ಬೇಟಾ?" ಎಡಗಾಲು ಎಂದು ಗೊತ್ತಾದ ಮೇಲೆ ಅಲ್ಲಾಹನಿಗೆ ಶುಕ್ರಿಯಾ ಹೇಳಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಕಿಕ್ ಹೊಡೆದರೂ ಚಾಲೂ ಆಗದ ಹಳೆಯ ಗಾಡಿಗಳನ್ನು ಜನ ದೂರದೂರದಿಂದ ಅವನ ಅಂಗಡಿಗೆ ತಳ್ಳಿಕೊಂಡು ಬರುತ್ತಿದ್ದರು. ಅರಫಾತ ಕೈಯೊರೆಸಿಕೊಂಡು ಬಂದು, ಪ್ಲಗ್ ಬಿಚ್ಚಿ ನೋಡಿ, ತಿರುಗಿ ಹಾಕಿ, ಬಲಗಾಲಿನಿಂದ ಒಂದೇ ಒದೆ ಒದೆಯುತ್ತಿದ್ದ. ಪ್ಲಗ್ಗಿನ ಕೊಳೆ ತೆಗೆದದ್ದರಿಂದ ಗಾಡಿ ಚಾಲೂ ಆಯಿತು ಎಂದು ಅವನಿಗೆ ಗೊತ್ತಿತ್ತು. ಕಾಲಿನಿಂದ ಆಯಿತು ಎಂದು ಜನ ತಿಳಿದುಕೊಂಡರೆ ಅವನೇನು ಬೇಡ ಅನ್ನುತ್ತಿರಲಿಲ್ಲ.

ಇಷ್ಟೆಲ್ಲ ಮರ್ಯಾದೆಯ ಬಲಗಾಲಿರುವ ಮನೆಯಲ್ಲಿ ಹುಟ್ಟಿದ ಮಗಳು ಯಾಸ್ಮಿನ ಎಡಗಾಲಿನಿಂದ ಒದೆಯುತ್ತಿದ್ದಳು.

ಯಾಸ್ಮಿನ ಏಳನೆಯ ಇಯತ್ತೆ. ಬರೆಯುವುದು, ಉಣ್ಣುವುದು ಬಲಗೈಯಲ್ಲೇ. ಆದರೆ ಚೆಂಡು ಕಂಡ ಕೂಡಲೇ ಅವಳ ಎಡಗಾಲು ತಾನಾಗಿ ಮುಂದೆ ಬರುತ್ತಿತ್ತು. ಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಮಾಡಿದಾಗ ಅವಳನ್ನು ತಕ್ಷಣ ಆರಿಸಿಕೊಂಡರು. ಅರಫಾತನಿಗೆ ಹಿಗ್ಗು ತಡೆಯಲಾಗಲಿಲ್ಲ. ಮೊದಲ ಆಟ ನೋಡಲು ಹೋಗಿ ಬಂದ ಮೇಲೆ ಮಾತ್ರ ಅವನ ಮುಖ ಬಾಡಿತ್ತು.

"ಎಡಗಾಲಿಂದ ಆಡತಾಳು," ಎಂದ ಹೆಂಡತಿಗೆ, ಮಗಳು ಎಲ್ಲೋ ಕದ್ದು ಸಿಕ್ಕಿಬಿದ್ದಳು ಎಂಬ ದನಿಯಲ್ಲಿ.

ಫರಹತ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಶೀನಿನಿಂದ ಕಣ್ಣೆತ್ತಲಿಲ್ಲ. "ಚೆಂಡು ಹೋಗತೈತಿಲ್ಲೋ?"

"ಹೋಗತೈತಿ. ಆದ್ರ ಎಡಗಾಲಿಂದ ಹೋಗತೈತಿ. ನೀ ಎಡಗೈಯಿಂದ ಕತ್ತರಿ ಹಿಡೀತೀಯೇನ?"

"ನನಗ ಎಡಗೈಯಿಂದ ಬರಂಗಿಲ್ರಿ. ಆಕೀಗೆ ಎಡಗಾಲಿಂದ ಬರತೈತಿ."

ಅರಫಾತ ಹೊರಗೆ ಹೋಗಿ ಚಹಾ ಕುಡಿದು ಬಂದ. ಬಂದವನು ಮಗಳ ಬಲಗಾಲಿನ ಬೂಟಿಗೆ ವೈರಿಗೆ ಸುತ್ತುವ ಕೆಂಪು ಟೇಪು ಸುತ್ತಿದ, ಯಾವ ಕಾಲಿನಿಂದ ಒದೆಯಬೇಕು ಎಂಬ ನೆನಪಿರಲಿ ಎಂದು. ಯಾಸ್ಮಿನ ಅಪ್ಪನ ಮಾತು ಮೀರುವ ಹುಡುಗಿಯಲ್ಲ. ಸಂಜೆ ಓಣಿಯಲ್ಲಿ ಆಡುವಾಗ ಚೆಂಡನ್ನು ಬಲಗಾಲಿನಿಂದ ತಡೆಯುತ್ತಿದ್ದಳು, ಅಬ್ಬಾ ನೋಡುತ್ತಿದ್ದಾನೋ ಎಂದು ಅಂಗಡಿಯ ಕಡೆ ಕಣ್ಣು ಹಾಯಿಸುತ್ತಿದ್ದಳು, ನೋಡದಿದ್ದರೆ ಎಡಗಾಲಿನಿಂದ ಬಾರಿಸುತ್ತಿದ್ದಳು.

ಶಾಲೆಯ ಆಟಗಳಿಗೆ ಅರಫಾತ ತಪ್ಪದೆ ಹೋಗುತ್ತಿದ್ದ, ಅಂಚಿನಲ್ಲಿ ನಿಂತು ಉದ್ದಕ್ಕೂ ಒದರುತ್ತಿದ್ದ. "ಬಲಾ! ಬಲಾ! ಯಾಸ್ಮಿನ, ಬಲಾ!" ಒಂದು ದಿನ ಎದುರಾಳಿ ಗೋಲಿ ಜಾರಿ ಬಿದ್ದು, ಚೆಂಡು ಖಾಲಿ ಗೋಲಿನ ಮುಂದೆ ಯಾಸ್ಮಿನಳ ಎಡಗಾಲಿನ ಹತ್ತಿರವೇ ಬಂದು ನಿಂತಿತು. ತಟ್ಟಿದರೆ ಸಾಕಿತ್ತು. ಅಷ್ಟರಲ್ಲಿ ಅಂಚಿನಿಂದ ಅಪ್ಪನ ದನಿ ಬಂತು. "ಬಲಾ!" ಹುಡುಗಿ ಕಾಲು ಬದಲಿಸಲು ಹೋಗಿ, ಚೆಂಡಿನ ಮೇಲಿಂದ ಹಾದು, ಮಣ್ಣಿನಲ್ಲಿ ಕುಕ್ಕರಿಸಿದಳು. ಎದುರಾಳಿ ತಂಡದ ಹುಡುಗಿಯೊಬ್ಬಳು ಚೆಂಡನ್ನು ನಿಧಾನವಾಗಿ ಹೊರಗೆ ತಳ್ಳಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಅರಫಾತ ಅವಳ ತಪ್ಪೇನು ಎಂದು ವಿವರಿಸಿದ. ಅವಳು ಗಾಡಿಯ ಹಿಂದೆ ಕೂತು ಒಂದು ಮಾತೂ ಆಡಲಿಲ್ಲ. ಮಾತಾಡದ್ದು ತಪ್ಪು ಒಪ್ಪಿಕೊಂಡದ್ದಕ್ಕೆ ಎಂದೇ ಅವನು ತಿಳಿದ.

ಹೀಗಿರುವಾಗ ಒಂದು ರವಿವಾರ ನೆಹರೂ ಮೈದಾನಕ್ಕೆ ರಜನಿ ಎಂಬ ಹುಡುಗಿ ಬಂದಳು.

ರವಿವಾರ ಅಲ್ಲಿ ನಲವತ್ತು ದಾಟಿದವರ ಆಟ. ಬ್ಯಾಂಕಿನವರು, ಅಂಗಡಿಯವರು, ಒಬ್ಬ ವಕೀಲ, ಒಬ್ಬ ಬಾಣಸಿಗ, ಎಲ್ಲ ಸೇರಿ ಹೊಟ್ಟೆ ಹೊತ್ತುಕೊಂಡು ಓಡುತ್ತಿದ್ದರು. ಗೋಲಿ ಕುಬೇರಪ್ಪ ಮುಗದ ಎಂಬ ಊರಿನವನು, ಧಾರವಾಡದಲ್ಲಿ ಹತ್ತಿ ವ್ಯಾಪಾರ. ಪ್ರತಿ ರವಿವಾರ ಬಸ್ಸು ಹಿಡಿದು ಹುಬ್ಬಳ್ಳಿಗೆ ಬರುತ್ತಿದ್ದ, ಕೈಯಲ್ಲಿ ಹುರಿದ ಶೇಂಗಾದ ಒಂದು ಚೀಲ. ಆಟ ಆ ಕಡೆ ನಡೆದಾಗ ಈ ಕಡೆ ಕಂಬಕ್ಕೆ ಆತು ನಿಂತು ಶೇಂಗಾ ಮೆಲ್ಲುತ್ತಿದ್ದ. ಅರಫಾತನಿಗೂ ಅವನಿಗೂ ಕಾಲೇಜಿನ ಕಾಲದ ಗೆಳೆತನ. ಇಬ್ಬರೂ ಒಬ್ಬರನ್ನೊಬ್ಬರು ಬೈಯದೆ ಮಾತು ಶುರು ಮಾಡಿದ್ದೇ ಇಲ್ಲ.

ರಜನಿ ಧಾರವಾಡದ ಮಾಳಮಡ್ಡಿಯ ಹುಡುಗಿ, ಫಿಜಿಯೋಥೆರಪಿ ಓದುತ್ತಿದ್ದಳು. ಫುಟ್‌ಬಾಲ್ ಆಡುವವರ ಎರಡು ಕಾಲುಗಳಲ್ಲಿ ಏನು ಫರಕು ಇರುತ್ತದೆ, ಒದೆಯುವ ಕಾಲು ಹೆಚ್ಚೋ ಇನ್ನೊಂದು ಹೆಚ್ಚೋ ಎಂದು ನೋಡುವುದು ಅವಳ ಅಭ್ಯಾಸದ ವಿಷಯ. ಜೊತೆಗೆ ಅಳತೆ ಟೇಪು, ಒಂದು ಗಡಿಯಾರ, ದಪ್ಪನೆಯ ಸ್ಪಂಜಿನ ಗಾದಿ ತಂದಿದ್ದಳು.

"ಕಾಕಾ, ನೀವು ಯಾವ ಕಾಲಿಂದ ಚೆಂಡು ಒದೀತೀರಿ?" ಎಂದು ಅವಳು ಅರಫಾತನನ್ನು ಕೇಳಿದಾಗ ಇಡೀ ತಂಡ ನಕ್ಕಿತು. ಈ ಊರಲ್ಲಿ ಯಾರಾದರೂ ಆ ಪ್ರಶ್ನೆ ಕೇಳಬಹುದು ಎಂದು ಯಾರೂ ಎಣಿಸಿರಲಿಲ್ಲ. ವಕೀಲರು ಬೆಳಗಾವಿಯ ಗೋಲಿನ ಕಥೆ ಪೂರ್ತಿ ಹೇಳಿದರು. ಅರಫಾತ ನೆಲ ನೋಡುತ್ತ ವಿನಯದಿಂದ ಕೇಳಿದ.

"ಹಂಗಾರ ನಿಮ್ಮಿಂದನ ಶುರು ಮಾಡೂಣ್ರಿ," ಎಂದಳು ರಜನಿ.

ಮೊದಲು ಚೆಂಡು ಒದೆಯುವ ಜೋರು ನೋಡಿದಳು. ಬಲಗಾಲಿನಿಂದ ಒದ್ದ ಚೆಂಡು ಗುಂಡಿನಂತೆ ಹೋಯಿತು. ತಂಡ ಚಪ್ಪಾಳೆ ತಟ್ಟಿತು. ಎಡಗಾಲಿನಿಂದ ಒದ್ದದ್ದು ಹತ್ತಿರದಲ್ಲೇ ಕೂತಿದ್ದ ನಾಯಿಯನ್ನು ಎಬ್ಬಿಸಿತು ಅಷ್ಟೆ. ಅದಕ್ಕೂ ತಂಡ ಚಪ್ಪಾಳೆ ತಟ್ಟಿತು.

ಆಮೇಲೆ ಅವಳು ಸ್ಪಂಜಿನ ಗಾದಿ ನೆಲಕ್ಕೆ ಹಾಸಿದಳು. "ಈಗ ಇದರ ಮ್ಯಾಲೆ ಒಂದ ಕಾಲಿಂದ ನಿಲ್ರಿ. ಮೊದಲ ಎಡಗಾಲು. ಕಣ್ಣು ಮುಚ್ರಿ."

ಅರಫಾತ ಎಡಗಾಲ ಮೇಲೆ ನಿಂತ. ನಿಂತೇ ನಿಂತ. ಬ್ಯಾಂಕಿನವರು ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಮುಗಿಸಿದರು, ಕುಬೇರಪ್ಪ ಒಂದು ಹಿಡಿ ಶೇಂಗಾ ತಿಂದ, ಅರಫಾತ ಇನ್ನೂ ದೀಪದ ಕಂಬದಂತೆ ನಿಂತಿದ್ದ. ಕೊನೆಗೆ ರಜನಿಯೇ ಸಾಕು ಎಂದಳು.

"ಇದು ಎಡಗಾಲ ಹಣೇಬರಾ," ಎಂದು ಅರಫಾತ ಕಣ್ಣು ತೆರೆದು ಎಲ್ಲರತ್ತ ನೋಡಿದ. "ಈಗ ನೋಡ್ರಿ."

ಬಲಗಾಲು ಗಾದಿಯ ಮೇಲೆ ಇಟ್ಟ. ಎಡಗಾಲು ಎತ್ತಿದ. ಕಣ್ಣು ಮುಚ್ಚಿದ. ತಕ್ಷಣ ಎರಡೂ ಕೈ ಗಾಳಿಯಲ್ಲಿ ಏನನ್ನೋ ಹುಡುಕತೊಡಗಿದವು, ಪಾದ ಅತ್ತಿತ್ತ ಹೊರಳಾಡಿತು, ಮೇಸ್ತ್ರಿ ಹೋಗಿ ವಕೀಲರ ಮೈಮೇಲೆ ಬಿದ್ದ. ಗಾದಿ ಸರಿಯಿಲ್ಲ ಎಂದ. ಮತ್ತೊಮ್ಮೆ ಪ್ರಯತ್ನಿಸಿ ಈ ಸಲ ಬಾಣಸಿಗನ ಮೇಲೆ ಬಿದ್ದ. ಬೂಟು ಜಾರುತ್ತದೆ ಎಂದು ಬೂಟು ಬಿಚ್ಚಿದ. ಮೂರನೆಯ ಸಲಕ್ಕೆ ತಂಡದವರೆಲ್ಲ ದೂರ ಸರಿದು ನಿಂತಿದ್ದರಿಂದ ನೆಲದ ಮೇಲೆ ಬಿದ್ದ. ಒಂಟಿಗಾಲಲ್ಲಿ ಜಿಗಿಯುವಾಗಲೂ ಅದೇ ಕಥೆ. ಎಡಗಾಲು ಜಿಗಿದು ನೆಟ್ಟಗೆ ನಿಂತಿತು, ಬಲಗಾಲು ಜಿಗಿಯಿತು, ನಿಲ್ಲಲಿಲ್ಲ.

"ಇದು ಹೆಂಗ?" ಎಂದ ಅರಫಾತ. ಅವನ ದನಿಯಲ್ಲಿ ನಗು ಇರಲಿಲ್ಲ.

ರಜನಿ ಅವನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತಳು. "ನೀವು ಬಲಗಾಲಿಂದ ಒದಿಯೂ ಹೊತ್ತಿನಾಗ ಎಡಗಾಲು ಏನ್ ಮಾಡತೈತ್ರಿ ಕಾಕಾ?"

"ಏನೂ ಮಾಡಂಗಿಲ್ಲ. ಸುಮ್ಮ ನಿಂತಿರತೈತಿ."

"ಸುಮ್ಮ ಅಲ್ರಿ. ಇಡೀ ಮೈ ಭಾರ ಹೊತ್ತ ನಿಂತಿರತೈತಿ. ಇಷ್ಟು ವರ್ಷ ಅದ ನಿಲ್ಲೂದು ಕಲತೈತಿ. ನಿಮ್ಮ ಬಲಗಾಲು ಒದಿಯೂದ ಅಷ್ಟ ಕಲತೈತಿ. ಭಾಳ ಮಂದ್ಯಾಗ ಇಷ್ಟು ಫರಕ ಇರಂಗಿಲ್ಲ, ಎರಡೂ ಹೆಚ್ಚುಕಡಿಮಿ ಒಂದ ಥರಾ ಇರತಾವು. ನಿಮ್ಮದು ಜಾಸ್ತಿ ಐತಿ. ಓಡಕೋತ ಬಂದು ಬಲಗಾಲ ಮ್ಯಾಲೆ ಒಮ್ಮಿಗೇ ತಿರುಗಿದ್ರ ಮಣಕಾಲಿಗೆ ಪೆಟ್ಟಾಗಬಹುದು. ನಿಲ್ಲೂ ಅಭ್ಯಾಸ ಮಾಡ್ರಿ."

"ಅಂದ್ರ ನನ್ನ ಬಲಗಾಲಿಗೆ ನಿಲ್ಲಾಕ ಬರಂಗಿಲ್ಲ?"

"ಎಡಗಾಲಿನಷ್ಟು ಬರಂಗಿಲ್ರಿ."

ಕುಬೇರಪ್ಪನಿಗೆ ಇಷ್ಟು ಸಂತೋಷ ಮಗಳ ಮದುವೆಯ ದಿನವೂ ಆಗಿರಲಿಲ್ಲ. ಎದೆ ಉಬ್ಬಿಸಿ ತಾನೂ ಪರೀಕ್ಷೆಗೆ ನಿಂತ. ಎಲ್ಲ ಮುಗಿದ ಮೇಲೆ ರಜನಿ, "ನಿಮ್ಮವು ಎರಡೂ ಕಾಲು ಒಂದ ಥರಾ ಅದಾವ್ರಿ ಕಾಕಾ," ಎಂದಳು.

"ಕೇಳಿದ್ಯೇನ ಅರಫಾತ? ಎರಡೂ ಛಲೋ ಅದಾವಂತ!"

"ಹಂಗಲ್ರಿ," ಎಂದಳು ರಜನಿ ಸಂಕೋಚದಿಂದ. "ಒಂದ ಥರಾ ಅದಾವು ಅಂದೆ."

ಸುದ್ದಿ ಅರಫಾತನಿಗಿಂತ ಮೊದಲೇ ಹಳೇ ಹುಬ್ಬಳ್ಳಿ ಮುಟ್ಟಿತ್ತು. ಅಂಗಡಿಯ ಪಕ್ಕದ ಚಹಾದಂಗಡಿಯ ಗುಲಾಬಸಾಬ, ಬಿಳಿ ಗಡ್ಡದ ಹಿರಿಯ, ಅವನನ್ನು ಕಂಡ ಕೂಡಲೇ ಕುರ್ಚಿ ಎಳೆದು ಹಾಕಿದ. "ಕೂತಕೋ ಬೇಟಾ, ಕೂತಕೋ. ನಿನಗ ನಿಲ್ಲಾಕ ಆಗಂಗಿಲ್ಲಂತಲ್ಲ." ಗಿರಾಕಿಗಳು ಗಾಡಿ ಕೊಡುವಾಗ, "ಎಡಗಾಲು ಹೆಂಗೈತ್ರಿ ಮೇಸ್ತ್ರಿ?" ಎಂದು ಕುಶಲ ಕೇಳತೊಡಗಿದರು. ಶಹಜಹಾನಬೇಗಂ ಮಾತ್ರ ನಂಬಲಿಲ್ಲ. ಕಣ್ಣು ಮುಚ್ಚಿಸಿ ನಿಲ್ಲಿಸಿದರೆ ಯಾರಾದರೂ ಬೀಳುತ್ತಾರೆ, ಆ ಹುಡುಗಿಗೆ ಕಾಲಿನ ಬಗ್ಗೆ ಏನು ಗೊತ್ತು ಎಂದಳು. ತಾನೇ ಎದ್ದು ಒಂಟಿಗಾಲಲ್ಲಿ ನಿಂತು ತೋರಿಸಲು ಹೊರಟವಳನ್ನು ಫರಹತ ಹಿಡಿದು ಕೂಡಿಸಿದಳು.

ಅರಫಾತ ಹಟಕ್ಕೆ ಬಿದ್ದ. ಬಲಗಾಲಿಗೆ ನಿಲ್ಲಲು ಕಲಿಸುವುದಷ್ಟೇ ಅಲ್ಲ, ಎಡಗಾಲಿನಿಂದ ಗೋಲು ಹೊಡೆದು ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದ. ಬೆಳಿಗ್ಗೆ ಬಲಗಾಲ ಮೇಲೆ ನಿಂತು ಹಲ್ಲುಜ್ಜತೊಡಗಿದ. ಎರಡು ಲೋಟ, ಒಂದು ಕನ್ನಡಿ ಹೋದ ಮೇಲೆ ಫರಹತ ಅವನನ್ನು ಹಿತ್ತಲಿಗೆ ಕಳಿಸಿದಳು.

ಅಂಗಡಿಯಲ್ಲಿ ಎಡಗಾಲಿನಿಂದ ಕಿಕ್ ಹೊಡೆಯುವ ಅಭ್ಯಾಸಕ್ಕೂ ಇಳಿದ. ಒಬ್ಬರು ಹಳೆಯ ಸ್ಕೂಟರ್ ತಂದಿದ್ದರು. ಅದನ್ನು ಸ್ಟ್ಯಾಂಡಿಗೆ ಹಾಕಿ, ಪಕ್ಕದಲ್ಲಿ ಬಲಗಾಲೂರಿ ನಿಂತು, ಎಡಗಾಲೆತ್ತಿ ಬಲವಾಗಿ ಒದ್ದ. ಗಾಡಿ ಒಂದೇ ಒದೆಗೆ ಭರ್ ಎಂದಿತು. ಅದೇ ಹೊತ್ತಿಗೆ ಬಲಗಾಲು ಕೈಕೊಟ್ಟು, ಪಂಕ್ಚರ್ ನೋಡಲು ನೀರು ತುಂಬಿಟ್ಟ ಟಬ್ಬಿನಲ್ಲಿ ಮೇಸ್ತ್ರಿ ಧೊಪ್ಪೆಂದು ಕೂತ. ಚಹಾದಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು.

"ಗಾಡಿ ಚಾಲೂ ಆತು," ಎಂದ ಗುಲಾಬಸಾಬ, "ಮೇಸ್ತ್ರಿ ಬಂದ್ ಆದ!"

ಮುಂದಿನ ರವಿವಾರಗಳು ಇನ್ನೂ ಕೆಟ್ಟವಾಗಿದ್ದವು. ಎಡಗಾಲಿನಿಂದ ಅರಫಾತ ಒದ್ದ ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೂ ಗೊತ್ತಿರುತ್ತಿರಲಿಲ್ಲ, ಚೆಂಡಿಗೂ ಗೊತ್ತಿರುತ್ತಿರಲಿಲ್ಲ. ಒಂದು ಸಲ ಹಿಂದಕ್ಕೇ ಹೋಯಿತು. ಒಂದು ಸಲ ಕಾಲು ಹೋಯಿತು, ಚೆಂಡು ಇದ್ದಲ್ಲೇ ಉಳಿಯಿತು. ಒಮ್ಮೆ ಮಾತ್ರ ಸರಿಯಾಗಿ ಬಡಿದು ನೇರ ಗೋಲಿನೊಳಗೆ ಹೋಯಿತು, ಆದರೆ ಅದು ತಮ್ಮದೇ ಗೋಲು. ತಮ್ಮದೇ ಗೋಲಿಯಾಗಿದ್ದ ಕುಬೇರಪ್ಪ ಶೇಂಗಾ ಸುಲಿಯುತ್ತ ನಿಂತವನು ಚೆಂಡು ಬಂದದ್ದನ್ನು ನೋಡಿರಲೇ ಇಲ್ಲ.

"ಲೇ, ನೀ ಬಲಗಾಲಿಂದ ಆಡೋ ಮಾರಾಯ," ಎಂದ ಕುಬೇರಪ್ಪ ಕೈಮುಗಿದು. "ನಿಲ್ಲಾಕ ಬರದಿದ್ರ ನಾವೆಲ್ಲಾ ಹಿಡಕೋತೀವಿ."

ಆ ದಿನ ಯಾಸ್ಮಿನಳೂ ಮೈದಾನಕ್ಕೆ ಬಂದಿದ್ದಳು. ತಂದೆಯ ಹೊಸ ಆಟ ನೋಡಬೇಕೆಂದು ತಾನಾಗಿ ಕೇಳಿ ಬಂದವಳು ಅಂಚಿನಲ್ಲಿ ಕೂತು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ಆಟ ಮುಗಿಸಿ ಬಂದು ಅರಫಾತ ಅವಳ ಪಕ್ಕ ಕೂತ. ಸಿಟ್ಟು, ದಣಿವು, ನಾಚಿಕೆ ಮೂರೂ ಸೇರಿ ಮುಖ ಕೆಂಪಾಗಿತ್ತು.

"ನಗು, ನಗು. ಏನ್ ಮಾಡ್ಲಿ? ತಲೀಗೆ ಗೊತ್ತೈತಿ ಹೆಂಗ ಒದೀಬೇಕಂತ. ಕಾಲ ಕೇಳವಲ್ದು. ಚೆಂಡು ಬಂದ ಕೂಡ್ಲೇ ಯಾವ ಕಾಲು ಅನ್ನೂದ ವಿಚಾರ ಮಾಡೂದ್ರಾಗ ಚೆಂಡು ಹೋಗಿಬಿಟ್ಟಿರತೈತಿ."

"ಹೌದ್ರಿ ಅಬ್ಬಾ," ಎಂದಳು ಯಾಸ್ಮಿನ. ಅವಳ ನಗು ಇನ್ನೂ ನಿಂತಿರಲಿಲ್ಲ. "ನನಗೂ ಬಲಗಾಲಿಂದ ಹಂಗ ಆಗತೈತಿ."

ಅವಳು ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ತಮ್ಮಿಬ್ಬರಿಗೂ ಒಂದೇ ಜಡ್ಡು ಎಂದು ಗೊತ್ತಾದವರು ಹೇಳುವಂತೆ ಹೇಳಿದಳು. ಹೇಳಿ, ಕುಬೇರಪ್ಪ ಕಾಕಾ ಕೊಟ್ಟ ಶೇಂಗಾ ಬಾಯಿಗೆ ಹಾಕಿಕೊಂಡಳು.

ಅರಫಾತ ಬೂಟಿನ ದಾರ ಬಿಚ್ಚುತ್ತಿದ್ದವನು ಹಾಗೇ ಕೂತ. ಖಾಲಿ ಗೋಲಿನ ಮುಂದೆ ಮಣ್ಣಿನಲ್ಲಿ ಕೂತಿದ್ದ ಹುಡುಗಿ ಅವನ ಕಣ್ಣ ಮುಂದೆ ಬಂದಳು. ನಲವತ್ತು ದಾಟಿದ ತಾನು ನಾಲ್ಕು ಜನರ ನಗೆಗೆ ಇಷ್ಟು ಕುದಿಯುತ್ತಿದ್ದೇನೆ. ಇವಳು ಇಡೀ ಶಾಲೆಯ ಮುಂದೆ ಬಿದ್ದಿದ್ದಳು, ಅದೂ ತಾನು ಒದರಿದ್ದಕ್ಕೆ, ಮೇಲೆ ಮನೆಯವರೆಗೆ ತನ್ನ ಭಾಷಣ ಕೇಳಿಕೊಂಡು ಬಂದಿದ್ದಳು. ಅವಳ ಬೂಟನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೆಂಪು ಟೇಪು ಸುಲಿಯತೊಡಗಿದ. ಟೇಪು ಬಿಸಿಲಿಗೆ ಕರಗಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಕೆರೆದು ತೆಗೆದ.

"ಯಾಕ್ರಿ ಅಬ್ಬಾ?"

"ಇದು ಛಲೋ ಕಾಣಂಗಿಲ್ಲ," ಎಂದ ಅರಫಾತ.

ಮನೆಗೆ ಬಂದು ಫರಹತಳಿಗೆ ಅಷ್ಟೇ ಹೇಳಿದ, ಇನ್ನು ಮೇಲೆ ಆಕಿ ಹೆಂಗ ಬೇಕಾದ್ರ ಹಂಗ ಆಡಲಿ. ಫರಹತ ಹಲ್ಲಿನಲ್ಲಿ ದಾರ ಕಚ್ಚಿ ಹರಿದು, "ಹ್ಞೂಂ," ಎಂದಳು. ಮದುವೆಯಾದಾಗಿನಿಂದ ಅವಳ ಹ್ಞೂಂಗಳ ಅರ್ಥ ಬಲ್ಲ ಅರಫಾತ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಹೇಳುವುದು ಸುಲಭ, ಬಾಯಿ ಕಟ್ಟಿಕೊಳ್ಳುವುದು ಕಷ್ಟ ಎಂದು ಅವನಿಗೆ ಗೊತ್ತಾದದ್ದು ಮುಂದಿನ ತಿಂಗಳು, ಧಾರವಾಡದಲ್ಲಿ ಶಾಲೆಗಳ ಪಂದ್ಯ ನಡೆದಾಗ. ಒದರಬಾರದು ಎಂದು ಮನೆಯಲ್ಲಿ ಆಣೆ ಮಾಡಿ ಬಂದಿದ್ದ. ಆದರೂ ತನ್ನ ಮೇಲೆ ತನಗೇ ಭರವಸೆಯಿರಲಿಲ್ಲ. ಕುಬೇರಪ್ಪನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸಿಕೊಂಡ.

"ನಾ ಬಾಯಿ ಬಿಟ್ರ ತಡೀಬೇಕು ನೋಡು."

"ಹೆಂಗ ತಡೀಲಿ?"

"ಹೆಂಗರ ತಡಿ."

ಕುಬೇರಪ್ಪ ಜೇಬಿನಿಂದ ಒಂದು ಹಿಡಿ ಶೇಂಗಾ ತೆಗೆದ. ಆಟ ಶುರುವಾಗಿ ಚೆಂಡು ಯಾಸ್ಮಿನಳ ಹತ್ತಿರ ಬಂತು. ಅರಫಾತ "ಬ" ಎಂದ. ಕುಬೇರಪ್ಪ ಶೇಂಗಾ ತುರುಕಿದ. ಚೆಂಡು ಮತ್ತೆ ಬಂತು. ಮತ್ತೆ ಶೇಂಗಾ. ಅರ್ಧ ಆಟ ಮುಗಿಯುವ ಹೊತ್ತಿಗೆ ಅರಫಾತ ಎರಡು ಊಟದಷ್ಟು ತಿಂದಿದ್ದ. ಸುತ್ತಲಿನ ತಂದೆ ತಾಯಂದಿರು ಈ ಇಬ್ಬರು ಗಡ್ಡ ಮೀಸೆಯವರು ಒಬ್ಬರಿಗೊಬ್ಬರು ತಿನ್ನಿಸುವುದನ್ನು ಓರೆಗಣ್ಣಿನಿಂದ ನೋಡುತ್ತಿದ್ದರು.

ಯಾಸ್ಮಿನ ಅಂದು ಆಡಿದ ಆಟವನ್ನು ಅರಫಾತ ಮೊದಲು ನೋಡಿರಲಿಲ್ಲ. ಹಾಗೆ ಆಡಲು ತಾನೇ ಬಿಟ್ಟಿರಲಿಲ್ಲ. ಎಡ ಅಂಚಿನ ಗುಂಟ ಓಡುತ್ತ, ಚೆಂಡನ್ನು ಎಡಗಾಲಿಗೆ ಅಂಟಿಸಿಕೊಂಡಂತೆ ಒಯ್ದು, ತಲೆಯೆತ್ತಿ ನೋಡಿ ನಡುವಿಗೆ ಕಳಿಸುತ್ತಿದ್ದಳು. ಬೂಟಿನ ಕಡೆಯಾಗಲಿ ಅಪ್ಪನ ಕಡೆಯಾಗಲಿ ಒಮ್ಮೆಯೂ ನೋಡಲಿಲ್ಲ. ಅವಳು ಕಳಿಸಿದ ಒಂದು ಚೆಂಡಿನಿಂದ ಹುಬ್ಬಳ್ಳಿಯವರ ಗೋಲೂ ಆಯಿತು. ಧಾರವಾಡದವರು ಹೊಡೆದಿದ್ದ ಒಂದಕ್ಕೆ ಸರಿಯಾಯಿತು. ಧಾರವಾಡದ ಸರ್ ಅಂಚಿನಿಂದ ಕೂಗಿ ಹೇಳಿದರು, "ಆ ಎಡಗಾಲಿನ ಹುಡುಗೀನ್ನ ಬಿಡಬ್ಯಾಡ್ರಿ! ಆಕೀ ಎಡಗಾಲ ಮುಂದ ನಿಲ್ರಿ!"

ಅರಫಾತನಿಗೆ ಮೈ ಜುಮ್ಮೆಂದಿತು. ಬೇರೆ ಊರಿನ ಸರ್ ಒಬ್ಬರು ತನ್ನ ಮಗಳ ಕಾಲಿಗೆ ಹೆದರುತ್ತಿದ್ದಾರೆ! "ಕೇಳಿದ್ಯೇನ?" ಎಂದು ಕುಬೇರಪ್ಪನ ಕಡೆ ತಿರುಗಿದ. ಕುಬೇರಪ್ಪ ಏನೂ ಕೇಳದೆ ಶೇಂಗಾ ತುರುಕಿದ.

ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಯಾಸ್ಮಿನ ಚೆಂಡು ಹಿಡಿದು ಗೋಲಿನ ಹತ್ತಿರ ಬಂದಳು. ಸರ್ ಹೇಳಿದ ಮಾತು ಪಾಲಿಸಿ ಇಬ್ಬರು ಹುಡುಗಿಯರು ಓಡಿ ಬಂದು ಅವಳ ಎಡಕ್ಕೆ ಗೋಡೆಯಂತೆ ನಿಂತರು. ಗೋಲಿಯೂ ಆ ಕಡೆಗೇ ವಾಲಿದಳು. ಯಾಸ್ಮಿನ ಎಡಗಾಲು ಎತ್ತಿದಂತೆ ಮಾಡಿ, ಚೆಂಡನ್ನು ಇನ್ನೊಂದು ಕಡೆಗೆ ಸರಿಸಿ, ಬಲಗಾಲಿನ ತುದಿಯಿಂದ ತಟ್ಟಿದಳು.

ಅದೊಂದು ಒದೆ ಎಂದು ಹೇಳಲು ಬರುವುದಿಲ್ಲ. ಚೆಂಡು ಹೊರಳಿಕೊಂಡು, ಒಂದು ಕಲ್ಲಿಗೆ ತಾಗಿ ಸ್ವಲ್ಪ ಯೋಚಿಸಿ, ಮತ್ತೆ ಹೊರಟು, ಆ ಕಡೆ ಬಿದ್ದಿದ್ದ ಗೋಲಿಯ ಕಾಲ ಹತ್ತಿರದಿಂದ ಗೆರೆ ದಾಟಿತು. ಹುಬ್ಬಳ್ಳಿಯ ಹುಡುಗಿಯರು ಕಿರುಚುತ್ತ ಯಾಸ್ಮಿನಳ ಮೇಲೆ ಬಿದ್ದರು. ಅರಫಾತನ ಇಡೀ ಬದುಕಿನಲ್ಲಿ ಒದರಲು ಇದಕ್ಕಿಂತ ಒಳ್ಳೆಯ ಗಳಿಗೆ ಬಂದಿರಲಿಲ್ಲ. ಆದರೆ ಬಾಯಿ ತುಂಬ ಶೇಂಗಾ ಇತ್ತು. ಒದರಲು ಹೋಗಿ ನೆತ್ತಿಗೇರಿ, ಕಣ್ಣು ಮೇಲಾಗಿ ಕೆಮ್ಮತೊಡಗಿದ. ಕುಬೇರಪ್ಪ ಗಾಬರಿಯಾಗಿ ಬೆನ್ನಿಗೆ ದಬದಬ ಗುದ್ದಿದ. ಸರ್ ಒಬ್ಬರು ನೀರು ತಂದರು. ಹೀಗಾಗಿ ಆಟ ಮುಗಿದ ಸೀಟಿ ಅವನಿಗೆ ಕೇಳಿಸಲೇ ಇಲ್ಲ, ಗೆದ್ದ ಸುದ್ದಿಯನ್ನು ಮಗಳೇ ಓಡಿ ಬಂದು ಹೇಳಬೇಕಾಯಿತು.

"ನೋಡಿದ್ರಿಲ್ಲೋ ಅಬ್ಬಾ?"

"ನೋಡಿದೆ," ಎಂದ ಅರಫಾತ, ಕಣ್ಣೀರು ಒರೆಸಿಕೊಳ್ಳುತ್ತ. ಅದು ಕೆಮ್ಮಿದ್ದರಿಂದ ಬಂದ ಕಣ್ಣೀರು ಎಂದು ಅವನು ಇಂದಿಗೂ ಹೇಳುತ್ತಾನೆ. "ಬಲಗಾಲಿಂದ ಹೊಡೆದಿ."

"ಹೌದ? ಗೊತ್ತಾಗ್ಲಿಲ್ರಿ. ಆ ಕಡೆ ಜಾಗಾ ಇತ್ತು."

ಕುಬೇರಪ್ಪ ಅರಫಾತನ ಮುಖ ನೋಡಿದ. ಬಲಗಾಲು ಅಂತ ನಾ ಹೇಳಿರಲಿಲ್ಲೇನು, ದಿನಾ ಹೇಳಿರಲಿಲ್ಲೇನು ಎಂಬ ಮಾತು ಗೆಳೆಯನ ಗಂಟಲವರೆಗೆ ಬಂದದ್ದು ಅವನಿಗೆ ಸ್ಪಷ್ಟವಾಗಿ ಕಂಡಿತು. ಶೇಂಗಾಕ್ಕೆಂದು ಅವನ ಕೈ ಜೇಬಿಗೆ ಹೋಯಿತು. ಆದರೆ ಅರಫಾತ ಮಗಳ ತಲೆಯ ಮಣ್ಣು ಕೊಡವಿ, "ಹಸಿವಾಗೇತೇನ?" ಎಂದು ಮಾತ್ರ ಕೇಳಿದ.

ಮುಂದಿನ ಸುತ್ತಿನಲ್ಲಿ ಹುಡುಗಿಯರು ಸೋತರು. ಯಾಸ್ಮಿನ ಬಸ್ಸಿನಲ್ಲಿ ದಾರಿ ನಡುವಿನ ನವನಗರದವರೆಗೂ ಅತ್ತಳು, ಆಮೇಲೆ ಗೆಳತಿಯರ ಜೊತೆ ಹಾಡುತ್ತ ಇಳಿದಳು. ಕೆಲವು ತಿಂಗಳ ಮೇಲೆ ರಜನಿ ಮತ್ತೆ ಮೈದಾನಕ್ಕೆ ಬಂದು ಎಲ್ಲರ ಕಾಲು ನೋಡಿದಳು. ಹಿತ್ತಲಲ್ಲಿ ನಿಂತು ಹಲ್ಲುಜ್ಜಿದ್ದು ವ್ಯರ್ಥವಾಗಿರಲಿಲ್ಲ, ಅರಫಾತನ ಬಲಗಾಲು ಈಗ ಯಾರ ಮೇಲೂ ಬೀಳದಷ್ಟು ಹೊತ್ತು ನಿಲ್ಲುತ್ತಿತ್ತು. ಎಡಗಾಲಿನಿಂದ ಎದುರಾಳಿಯ ಗೋಲಿಗೆ ಚೆಂಡು ಹಾಕುವ ಆಸೆಯನ್ನು ಮಾತ್ರ ಅವನು ಬಿಟ್ಟುಕೊಟ್ಟ. ಕುಬೇರಪ್ಪನ ಕಾಲುಗಳು ಇನ್ನೂ ಒಂದೇ ಥರ ಇದ್ದವು.

ಯಾಸ್ಮಿನ ಈಗ ರವಿವಾರ ತಂದೆಯ ಜೊತೆ ಬರುತ್ತಾಳೆ. ಕಾಕಾಗಳ ತಂಡಕ್ಕೆ ಮೊದಲಿನಿಂದಲೂ ಎಡಗಡೆ ಆಡುವವರ ಕೊರತೆ. ಒಮ್ಮೆ ಒಬ್ಬರು ಕಡಿಮೆ ಬಿದ್ದಾಗ ಇಳಿದವಳು ಹಾಗೇ ಉಳಿದುಬಿಟ್ಟಳು. ಮೊನ್ನೆ ಗದಗದಿಂದ ಬಂದ ತಂಡದ ನಾಯಕರು ಅವಳನ್ನು ಕಂಡು ತಕರಾರು ತೆಗೆದರು. ಇದು ನಲವತ್ತು ದಾಟಿದವರ ಆಟ, ಈ ಹುಡುಗಿ ಹೆಂಗ ಆಡತಾಳ್ರಿ ಎಂದರು. ಅರಫಾತ ಬಾಯಿ ತೆರೆಯುವಷ್ಟರಲ್ಲಿ ಕುಬೇರಪ್ಪ ಗೋಲ್ ಕಂಬ ಬಿಟ್ಟು ಮುಂದೆ ಬಂದ.

"ನಮ್ಮೆಲ್ಲಾರ ವಯಸ್ಸು ಕೂಡಿಸಿ ಭಾಗಾ ಹಾಕಿ ನೋಡ್ರಿ," ಎಂದ. "ಆಕೀದೂ ನಲವತ್ತು ದಾಟತೈತಿ."